ಪಂಜಾದ ಐದು ಬೆರಳು

ಹುಲಿಗಿ ಎಂದೊಡನೆ ಬಹುಮಂದಿಗೆ ನೆನಪಾಗತಕ್ಕದ್ದು ತುಂಗಭದ್ರೆಯ ದಂಡೆಯ ಹುಲಿಗೆಮ್ಮನ ಗುಡಿ. ಆದರೆ ಕೊಪ್ಪಳ, ಕುಷ್ಟಗಿ, ಗಂಗಾವತಿ, ಯಲಬುರ್ಗಿಗಳ ಅದೇ ಸೀಮೆಯಲ್ಲಿ ಮೊಹರಮ್ ತಿಂಗಳು ಬಂತೆಂದರೆ ಊರೂರಲ್ಲಿ ಅಲಾಯಿ ಕುಣಿ ತೆಗೆಯುತ್ತಾರೆ, ದೇವರನ್ನು ಕೂಡಿಸುತ್ತಾರೆ. ಹಿಂದೂ ಒಕ್ಕಲು ಮಕ್ಕಳು ಸಕ್ಕರೆ ಓದಿಸಿ ಹರಕೆ ತೀರಿಸುತ್ತಾರೆ. ಮುಸಲ್ಮಾನರ ಮನೆ ಒಂದೂ ಇಲ್ಲದ ಊರುಗಳಲ್ಲಿ ಸಹ ಈ ಹಬ್ಬ ನಡೆಯುವುದುಂಟು. ಅಲ್ಲಿ ಕೋಲಿನ ತುದಿಗೆ ಕೂಡಿಸುವ ಲೋಹದ ಹಸ್ತಕ್ಕೆ ಪಂಜಾ ಎಂದು ಹೆಸರು. ಅದರ ಐದು ಬೆರಳುಗಳನ್ನು ಐವರೆಂದು ಎಣಿಸುವುದು ರೂಢಿ: ಪೈಗಂಬರ ಮುಹಮ್ಮದರು, ಅವರ ಮಗಳು ಫಾತಿಮಾ, ಅಳಿಯ ಅಲಿ, ಮೊಮ್ಮಕ್ಕಳಾದ ಹಸನ್ ಮತ್ತು ಹುಸೇನ್. ಎಂದರೆ ನಮ್ಮ ರೈತನು ಕೈಮುಗಿಯುವುದು ಒಂದು ಮನೆತನಕ್ಕೆ. ನಾವು ಕಾಲೇಜಿನಲ್ಲಿ ಓದಿದ ಇಂಗ್ಲಿಷ್ ಚರಿತ್ರೆಗಳಲ್ಲಿಯಾದರೋ ಇದೇ ಕಾಲವು ಖಲೀಫರ ಪಟ್ಟಿಯೂ ಯುದ್ಧಗಳ ತೇದಿಗಳೂ ಆಗಿ ಮುಗಿದುಹೋಗಿತ್ತು. ವಿಷಯದ ತಿರುಳಿಗೆ ಹೆಚ್ಚು ಹತ್ತಿರವಾದುದು ರೈತನ ತಿಳಿವಳಿಕೆಯೇ ಎಂದು ನಮ್ಮ ಅಭಿಪ್ರಾಯ.

ಆ ಕಾಲದ ಮಕ್ಕಾ ಪಟ್ಟಣದಲ್ಲಿ ಅರಸನಿರಲಿಲ್ಲ, ಕೊತ್ವಾಲನಿರಲಿಲ್ಲ. ಒಬ್ಬನ ಪ್ರಾಣಕ್ಕೆ ಹೊಣೆಯೆಂದರೆ ಅವನ ಕುಲದವರೇ. ಸುಮಾರು 570ರಲ್ಲಿ ಹುಟ್ಟಿದ ಮುಹಮ್ಮದರಿಗೆ ಹುಟ್ಟುವ ಮೊದಲೇ ತಂದೆಯಿಲ್ಲ. ಆರನೆಯ ವಯಸ್ಸಿನಲ್ಲಿ ತಾಯಿ ಹೋದಳು, ಎಂಟನೆಯದರಲ್ಲಿ ಅಜ್ಜ. ಬಳಿಕ ಸಾಕಿದವರು ದೊಡ್ಡಪ್ಪ ಅಬೂ ತಾಲಿಬರು. ಇಂಗ್ಲಿಷ್ ಪುಸ್ತಕಗಳು ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಒಂದೇ ಮಾತನ್ನು ಬಳಸಿ ನಮ್ಮನ್ನು ತೊಡಕಿಗೆ ಸಿಕ್ಕಿಸುತ್ತವೆ. ಕನ್ನಡದಲ್ಲಿ ಹೇಳಿದರೆ ಮನೆಯ ಚಿತ್ರವೇ ತಿಳಿಯಾಗುತ್ತದೆ. ಈ ದೊಡ್ಡಪ್ಪನು ಹೊಸ ಧರ್ಮವನ್ನು ಸ್ವೀಕರಿಸಿದನೆ ಇಲ್ಲವೆ ಎಂಬುದರಲ್ಲಿ ಸುನ್ನಿ ಮತ್ತು ಷಿಯಾ ಪಂಗಡಗಳಿಗೆ ಒಮ್ಮತವಿಲ್ಲ. ಆದರೆ ಊರೇ ಎದುರಾಗಿ ಇಡೀ ಕುಲಕ್ಕೆ ಬಹಿಷ್ಕಾರ ಹಾಕಿದಾಗಲೂ ತಮ್ಮನ ಮಗನ ಕೈಬಿಡಲಿಲ್ಲವೆಂಬುದು ಎಲ್ಲರಿಗೂ ಒಪ್ಪಿತ. ಅದೇ ಮನೆತನದ ಅಬೂ ಲಹಬನಾದರೋ ಕಡುವೈರಿಯಾದನು. 619ರಲ್ಲಿ ಅಬೂ ತಾಲಿಬರೂ ಪತ್ನಿ ಖದೀಜಾ ಬೀಬಿಯವರೂ ತೀರಿಕೊಂಡರು. ಮೂರು ವರ್ಷಗಳಲ್ಲಿ ಪೈಗಂಬರರು ಮಕ್ಕಾ ಬಿಟ್ಟು ಮದೀನಾಕ್ಕೆ ಹೋಗಬೇಕಾಯಿತು.

624ರ ಬದ್ರ್ ಯುದ್ಧದಲ್ಲಿ ಎರಡು ಕಡೆಗೂ ಒಂದೇ ರಕ್ತದವರು. ಸೆರೆಸಿಕ್ಕವರಲ್ಲಿ ಪೈಗಂಬರರ ಚಿಕ್ಕಪ್ಪ ಅಬ್ಬಾಸ್ ಇದ್ದನು, ಹಿರಿಯ ಮಗಳು ಜೈನಬಳ ಗಂಡ ಅಬುಲ್ ಆಸ್ ಸಹ ಇದ್ದನು. ಗಂಡನನ್ನು ಬಿಡಿಸಿಕೊಳ್ಳಲು ಮಕ್ಕಾದಿಂದ ಜೈನಬಳು ಕಳಿಸಿದ ಒಡವೆಯಲ್ಲಿ ಒಂದು ಕಂಠಹಾರವಿತ್ತು. ಅವಳ ಮದುವೆಯಲ್ಲಿ ತಾಯಿ ಖದೀಜಾ ಬೀಬಿ ಕೊಟ್ಟದ್ದು. ಅದನ್ನು ಕಂಡು ತಂದೆಯ ಕರುಳು ಕರಗಿತು. ಆದರೂ ತಾವೇ ಅಪ್ಪಣೆ ಕೊಡದೆ, ಒಪ್ಪಿಗೆಯಾದರೆ ಸೆರೆಯಾಳನ್ನೂ ಹಾರವನ್ನೂ ಹಿಂದಕ್ಕೆ ಕಳಿಸಬಹುದೆಂದು ಸಂಗಡಿಗರನ್ನು ಕೇಳಿಕೊಂಡರೆಂದು ಹಳೆಯ ಚರಿತ್ರಕಾರರು ಬರೆಯುತ್ತಾರೆ. ಈ ಒಂದು ಪ್ರಸಂಗಕ್ಕೆ ನಾವು ಹತ್ತು ಯುದ್ಧಗಳ ವರ್ಣನೆಯನ್ನು ಬಿಟ್ಟುಕೊಡಲು ಸಿದ್ಧರು.

ಈ ಅಬುಲ್ ಆಸ್ ಖದೀಜಾ ಬೀಬಿಯ ತಂಗಿಯೋ ಅಕ್ಕನೋ ಆದ ಹಾಲಾಳ ಮಗ. ನಮ್ಮ ಲೆಕ್ಕದಲ್ಲಿ ಜೈನಬಳಿಗೆ ಅಣ್ಣನಾಗತಕ್ಕವನು! ಅಲಿಯವರಂತೂ ಅಬೂ ತಾಲಿಬರ ಮಗ, ಎಂದರೆ ಫಾತಿಮಾಗೆ ಚಿಕ್ಕಪ್ಪನ ಸ್ಥಾನದವರು. ಕನ್ನಡ ಕೇಳುಗರಿಗೆ ಇದು ವಿಚಿತ್ರವೆನಿಸೀತು. ಅದೇ ಕುರಾನು ಅಕ್ಕನ ಮಗಳನ್ನು ಮದುವೆಯಾಗಕೂಡದೆಂದು ಕಟ್ಟುಮಾಡಿದೆ. ನಮ್ಮಲ್ಲಿಯೋ ಎಷ್ಟೋ ಮನೆಗಳಲ್ಲಿ ಅವಳೇ ಮೊದಲ ಹಕ್ಕಿನ ಹೆಣ್ಣು. ಎದೆಹಾಲಿನ ನಂಟೂ ಅಲ್ಲಿ ರಕ್ತದ ನಂಟಿಗೆ ಸಮ. ಚಿಕ್ಕಪ್ಪ ಹಂಜಾ ಮತ್ತು ಪೈಗಂಬರರು ಒಬ್ಬಳೇ ದಾದಿಯ ಹಾಲು ಕುಡಿದವರಾದ್ದರಿಂದ, ಹಂಜಾರ ಮಗಳು ಪೈಗಂಬರರಿಗೆ ಮದುವೆಗೆ ಸಲ್ಲದವಳಾದಳು. ತಂದೆ 625ರಲ್ಲಿ ಉಹುದ್ ಯುದ್ಧದಲ್ಲಿ ಮಡಿದಿದ್ದನು. ಆ ಕೂಸನ್ನು ಸಾಕುವವರಾರೆಂದು ಮುಂದೆ ಮೂವರಲ್ಲಿ ವಾದವಾದಾಗ, ಯಾರ ಹೆಂಡತಿ ಮಗುವಿನ ತಾಯಿಗೆ ಒಡಹುಟ್ಟಿದವಳೋ ಅವರ ಮನೆಗೇ ಕೊಟ್ಟರು, ಆಕೆ ತಾಯಿಗೆ ಸಮಾನಳೆಂದು. ಹೆತ್ತವಳ ಅಕ್ಕತಂಗಿಯರನ್ನು ದೊಡ್ಡವ್ವ, ಚಿಕ್ಕವ್ವ ಎಂದು ಕರೆಯುವ ಹುಲಿಗಿಯ ಕಡೆಯವರಿಗೆ ಈ ತೀರ್ಪನ್ನು ಬಿಡಿಸಿ ಹೇಳಬೇಕಾದದ್ದಿಲ್ಲ.

632ರಲ್ಲಿ ಪೈಗಂಬರರು ತೀರಿಕೊಂಡಾಗ ಅವರ ಗಂಡುಮಕ್ಕಳಲ್ಲಿ ಒಬ್ಬರೂ ಉಳಿದಿರಲಿಲ್ಲ. ಎಲ್ಲರೂ ಎಳೆತನದಲ್ಲಿಯೇ ಹೋಗಿದ್ದರು. ಅಧಿಕಾರವು ಮನೆಗೆ ಸಲ್ಲಬೇಕೆ, ಸಂಗಡಿಗರು ಆರಿಸಿದವರಿಗೆ ಸಲ್ಲಬೇಕೆ ಎಂಬ ಪ್ರಶ್ನೆ ಅಲ್ಲಿಂದ ಮೊದಲಾಯಿತು. ಸೋಜಿಗವೆಂದರೆ, ಆರಿಸಲ್ಪಟ್ಟವರೂ ನೆಂಟರೇ. ಮೊದಲ ಖಲೀಫ ಅಬೂಬಕರರೂ ಎರಡನೆಯ ಉಮರರೂ ಪೈಗಂಬರರಿಗೆ ಹೆಣ್ಣು ಕೊಟ್ಟ ಮಾವಂದಿರು. ಮೂರನೆಯ ಉಸ್ಮಾನರೂ ನಾಲ್ಕನೆಯ ಅಲಿಯವರೂ ಅಳಿಯಂದಿರು. ಅಲಿಯವರನ್ನು ಎದುರಿಸಿ ನಿಂತ ಮುಆವಿಯಾ ಪೈಗಂಬರರ ಪತ್ನಿ ಉಮ್ಮೆ ಹಬೀಬಾರ ಸೋದರ. ಹೀಗಿರಲಾಗಿ ನಂಟಸ್ತಿಕೆಯು ಜಗಳವನ್ನು ತಡೆಯಿತೆನ್ನುವುದು ಸಾಧ್ಯವಿಲ್ಲ. 661ರಲ್ಲಿ ಅಲಿಯವರ ಕೊಲೆಯಾಯಿತು. ಹಸನರು ಅಧಿಕಾರವನ್ನು ಬಿಟ್ಟುಕೊಟ್ಟು ಶಾಂತಿ ಬಯಸಿದರು.

680ರ ಕರ್ಬಲಾದಲ್ಲಿ ಹುಸೇನರಿಗೆ ಎದುರಾದ ಸೈನ್ಯವು ಮುಆವಿಯಾನ ಮಗ ಯಜೀದನದು. ಅಬ್ದ್ ಮನಾಫ್ ಎಂಬೊಬ್ಬ ಪೂರ್ವಜನು ಇಬ್ಬರಿಗೂ ಮೂಲಪುರುಷ. ಯಜೀದನ ಸೋದರತ್ತೆ ಹುಸೇನರಿಗೆ ಅಜ್ಜಿಯ ಸ್ಥಾನದವರು. ಅಲ್ಲಿನ ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆವು. ಹುಸೇನರ ಮಲತಮ್ಮ ಅಬ್ಬಾಸ್, ನಮ್ಮ ಊರುಗಳ ಅಬ್ಬಾಸಲಿ. ಅವನ ತಾಯಿಯ ಕುಲದವನಾದ ಶಿಮ್ರನು ಶತ್ರುಗಳ ಪಾಳೆಯದಲ್ಲಿದ್ದನು. ನಮ್ಮ ಹೆಣ್ಣುಮಗಳ ಮಕ್ಕಳಿಗೆ ಅಭಯ ಕೊಡುತ್ತೇವೆ, ಹೊರಟು ಬನ್ನಿರೆಂದು ಅವನು ಕರೆಕಳಿಸಿದನಂತೆ. ಸೋದರಮಾವನ ಮನೆಯ ಕರೆ ಅದು. ಅಬ್ಬಾಸನೂ ತಮ್ಮಂದಿರೂ ಅದನ್ನು ತಳ್ಳಿ ಅಣ್ಣನ ಜತೆಯಲ್ಲಿಯೇ ಮಡಿದರು. ತಾಯಿ ಬೇರೆಯಾದ ಅಣ್ಣ, ಎಂಬುದನ್ನು ಮರೆಯಬಾರದು.

ಉಳಿದ ಹೆಂಗಸರನ್ನೂ ಮಕ್ಕಳನ್ನೂ ಸೆರೆಯಾಗಿ ದಮಾಸ್ಕಸಿಗೆ ಒಯ್ದರು. ಅವರ ಮುಂದಾಳಾದವಳು ಹುಸೇನರ ತಂಗಿ ಜೈನಬ್. ದೊಡ್ಡಮ್ಮನ ಹೆಸರನ್ನೇ ಹೊತ್ತವಳು. ಯಜೀದನ ಸಭೆಯಲ್ಲಿ ನಿಂತು ಅಳುಕದೆ ಮಾತಾಡಿದಳೆಂದು ಪರಂಪರೆ. ಕಾಯಿಲೆಯಿಂದ ಡೇರೆಯಲ್ಲಿ ಮಲಗಿದ್ದ ಅಣ್ಣನ ಮಗ ಜೈನುಲ್ ಆಬಿದೀನನನ್ನು ಕೊಲ್ಲಹೊರಟವರಿಗೆ ಅಡ್ಡನಿಂತು ಬದುಕಿಸಿಕೊಂಡವಳೂ ಈಕೆಯೇ. ಹುಸೇನರ ವಂಶವು ಮುಂದುವರಿದದ್ದು ಆ ಒಬ್ಬನಿಂದ. ಏಳು ನೂರು ವರ್ಷಗಳ ತರುವಾಯ ಕಲಬುರ್ಗಿಗೆ ಬಂದು ನೆಲಸಿ, 1422ರಲ್ಲಿ ಅಲ್ಲಿಯೇ ದೇಹವಿಟ್ಟ ಖ್ವಾಜಾ ಬಂದೇ ನವಾಜರು ತಮ್ಮ ವಂಶಾವಳಿಯನ್ನು ಇವನಿಂದಲೇ ಎಣಿಸಿಕೊಂಡವರು; ಅವರ ಹೆಸರು ಸೈಯದ್ ಮುಹಮ್ಮದ್ ಹುಸೇನಿ.