ಸ್ಯಾಕ್ಸೊಫೋನಿನಲ್ಲಿ ಕನ್ನಡದ ದನಿ

ಸ್ಯಾಕ್ಸೊಫೋನ್ ಎಂದೊಡನೆ ನಮಗೆ ನೆನಪಾಗುವುದು ಕದ್ರಿ ಗೋಪಾಲನಾಥರು. ಇವತ್ತು ನಾನು ಮಾತಾಡುವುದು ಅವರೊಡನೆ 2008ರಲ್ಲಿ ‘ಕಿನ್ಸ್‌ಮೆನ್’ ಆಲ್ಬಮ್ ತಂದ ರುದ್ರೇಶ್ ಮಹಾಂತಪ್ಪ ಅವರ ಬಗ್ಗೆ. ಹೆಸರು ಕೇಳಿದರೆ ದಾವಣಗೆರೆ ಕಡೆಯವರು ಅನ್ನಿಸುತ್ತದಲ್ಲವೇ? ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೋದಲ್ಲಿ, ನುಡಿಸುವುದು ಜಾಝ್.

ಅಲ್ಲಿ ಭಾರತೀಯ ಮೂಲದವರಿಗೆ ಎದುರಾಗುವ ಪ್ರಶ್ನೆ ಒಂದಿದೆ: ‘ನೀವು ಇಂಡಿಯನ್ ಮಾತಾಡ್ತೀರಾ?’ ಮುಂಬೈಗೆ ಬಂದ ಹೊಸದರಲ್ಲಿ ನನ್ನನ್ನೂ ‘ಮದ್ರಾಸಿ ಬರುತ್ತಾ?’ ಅಂತ ಕೇಳಿದ್ದರು. ಸಿಟ್ಟು ನುಂಗಿ ಸುಮ್ಮನಾಗಿದ್ದೆ. ರುದ್ರೇಶ್ ಸುಮ್ಮನಾಗಲಿಲ್ಲ. ಅಂಥ ಪ್ರಶ್ನೆಗೆ ಬೇರೆ ಬೇರೆ ಭಾಷಿಕರು ತಮ್ಮ ತಮ್ಮ ನುಡಿಯಲ್ಲಿ ಕೊಟ್ಟ ಉತ್ತರಗಳನ್ನು ಧ್ವನಿಮುದ್ರಿಸಿಕೊಂಡು, ಮಾತಿನ ಏರಿಳಿತವನ್ನೇ ಸ್ವರಕ್ಕಿಳಿಸಿದರು. 2004ರ ‘ಮದರ್ ಟಂಗ್’ ಆಲ್ಬಮ್ ಹುಟ್ಟಿದ್ದು ಹಾಗೆ. ಅದರಲ್ಲಿ ‘ತಮಿಳ್’, ‘ತೆಲುಗು’, ‘ಕೊಂಕಣಿ’ಗಳ ಜೊತೆ ‘ಕನ್ನಡ’ ಎಂಬ ರಚನೆಯೂ ಇದೆ. 2016ರಲ್ಲಿ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ನಿರ್ದೇಶಕರಾದರು, ಅಂದರೆ ಮೇಷ್ಟ್ರೂ ಹೌದು.

ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಬಾರದು ಎಂದು ನಾವು ಸಭೆ ಸಭೆಯಲ್ಲೂ ಕೊರಗುತ್ತೇವೆ. ನನ್ನ ಮಗಳಿಗೂ ಓದಲು ಬಾರದು. ಆದರೆ ಸಿಟ್ಟು ಬಂದಾಗ ಅವಳ ಇಂಗ್ಲಿಷಿನಲ್ಲೂ ಧಾರವಾಡದ ನಮ್ಮವ್ವನ ರಾಗವೇ ಕೇಳಿಸುತ್ತದೆ! ಅದನ್ನು ಯಾರೂ ಅವಳಿಗೆ ಕಲಿಸಲಿಲ್ಲ.

ಈಗ ಆ ‘ಕನ್ನಡ’ವನ್ನು ಹಾಕುತ್ತೇನೆ. ಅರ್ಥ ಹುಡುಕಬೇಡಿ. ವಾಕ್ಯ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಅಷ್ಟನ್ನೇ ಕಿವಿಗೊಟ್ಟು ಕೇಳಿ.