ಟಂಗ್‌ಸ್ಟನ್ ಕಡ್ಡಿ ಮಸೆಯುವ ಬಗೆ
(ಹೆಬ್ರಿಯ ರೈತರಿಗಾಗಿ ನೀಡಿದ ಉಪನ್ಯಾಸ)



ಬೇಸಾಯಶಾಸ್ತ್ರ ಕಲಿಸುವವನಿಗೆ ಬೆಸುಗೆಯ ಗೊಡವೆ ಏಕೆಂದು ನೀವು ಕೇಳಬಹುದು. ಹೆಬ್ರಿಯಂಥ ಘಟ್ಟದ ಬುಡದ ಊರಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸದೆ ಗತಿಯಿಲ್ಲ. ಅದರಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಆದುದರಿಂದ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ ಮೇಲು. ಮಳೆಗಾಲದ ನಡುವೆ ಅದು ಸೀಳಿದರೆ, ಟಿಗ್ ಬೆಸುಗೆ ಯಂತ್ರವುಳ್ಳವರು ಮನೆಯಲ್ಲೇ ಸರಿಪಡಿಸಿಕೊಳ್ಳಬಲ್ಲರು. ಆದರೆ ಯಂತ್ರದ ಟಂಗ್‌ಸ್ಟನ್ ಕಡ್ಡಿಯ ಮೊನೆ ಕೆಟ್ಟಿದ್ದರೆ ಆರ್ಕ್ ಅತ್ತಿತ್ತ ಅಲೆದು, ತೆಳು ಕೊಳವೆ ತೂತಾಗುತ್ತದೆ.

ಮೊನೆ ಮಾಡಲು ದುಬಾರಿ ಯಂತ್ರ ಬೇಕಿಲ್ಲ. ಕಡ್ಡಿಯನ್ನು ಕೈ ಡ್ರಿಲ್ಲಿನ ಬಾಯಿಗೆ ಸಿಕ್ಕಿಸಿ, ನಿಧಾನವಾಗಿ ತಿರುಗಿಸುತ್ತ, ಸಾಣೆಯಂತ್ರದ ನುಣುಪು ಕಲ್ಲಿನ ಅಂಚಿಗೆ ಹಿಡಿಯಿರಿ. ಕಲ್ಲಿನ ಪಕ್ಕಕ್ಕೆ ಒತ್ತಬಾರದು. ಮೊನೆ ಕಲ್ಲು ಓಡುವ ದಿಕ್ಕಿಗೇ ಇರಲಿ. ಎದುರಾದರೆ ಕಲ್ಲು ಕಡ್ಡಿಯನ್ನು ಕಿತ್ತೆಸೆಯುತ್ತದೆ. ಮಸೆದ ಗೀರುಗಳು ಕಡ್ಡಿಯ ಉದ್ದಕ್ಕೆ ಬೀಳಬೇಕು, ಅಡ್ಡಕ್ಕಲ್ಲ. ಮೊನೆಯ ಉದ್ದ ಕಡ್ಡಿಯ ದಪ್ಪದ ಎರಡು, ಎರಡೂವರೆ ಪಾಲು, ಅಂದರೆ 2.4 ಮಿ.ಮೀ. ಕಡ್ಡಿಗೆ 5ರಿಂದ 6 ಮಿ.ಮೀ. ಕತ್ತಿ ಮಸೆಯುವ ಕಲ್ಲನ್ನು ಇದಕ್ಕೆ ಬಳಸಬೇಡಿ. ಅದರಲ್ಲಿನ ಕಬ್ಬಿಣದ ಪುಡಿ ಕಡ್ಡಿಗೆ ಅಂಟುತ್ತದೆ. ಕನ್ನಡಕವಂತೂ ಬೇಕೇ ಬೇಕು.

ಇನ್ನು ಮುಖ್ಯ ವಿಷಯ. ಅಂಗಡಿಯಲ್ಲಿ ಕೆಂಪು ಗುರುತಿನ ಕಡ್ಡಿ ಕೊಟ್ಟರೆ ಕೊಳ್ಳಬೇಡಿ. ಅದರಲ್ಲಿ ಶೇಕಡಾ 2ರಷ್ಟು ಥೋರಿಯಂ ಆಕ್ಸೈಡ್ ಇರುತ್ತದೆ. ಕೇರಳದ ಕಡಲ ಮರಳಿನಲ್ಲಿರುವ ಅದೇ ಥೋರಿಯಂ. ಕಡ್ಡಿ ಪೆಟ್ಟಿಗೆಯಲ್ಲಿರುವಾಗ ಭಯವಿಲ್ಲ. ಅದು ಸೂಸುವ ಆಲ್ಫಾ ಕಿರಣ ಚರ್ಮವನ್ನು ದಾಟದು. ಮಸೆದಾಗ ಏಳುವ ಧೂಳು ಉಸಿರಿನೊಂದಿಗೆ ಒಳಹೊಕ್ಕರೆ ಮಾತು ಬೇರೆ. ಶ್ವಾಸಕೋಶದಲ್ಲಿ ನೆಲೆನಿಂತು ವರ್ಷಗಟ್ಟಲೆ ಕಿರಣ ಬೀರುತ್ತದೆ, ಕ್ಯಾನ್ಸರಿಗೂ ದಾರಿಯಾಗಬಹುದು. ಮಕ್ಕಳು ಆಡುವ ಅಂಗಳದಲ್ಲಿ ಈ ಕೆಲಸ ಎಂದಿಗೂ ಸಲ್ಲದು. ಕೆಲವರು ಕಾರ್ಖಾನೆ ಕಸವನ್ನೂ ಗೊಬ್ಬರದ ಗುಂಡಿಗೆ ಗುಡಿಸುತ್ತಾರೆ, ಅದೂ ಬೇಡ.

ಬದಲಿಗೆ ಲ್ಯಾಂಥನಂ ಬೆರೆತ ಚಿನ್ನದ ಬಣ್ಣದ ಇಲ್ಲವೆ ನೀಲಿ ಗುರುತಿನದು, ಅಥವಾ ಸೀರಿಯಂ ಬೆರೆತ ಬೂದು ಗುರುತಿನದು ಕೇಳಿ. ಇವು ವಿಕಿರಣ ಸೂಸುವ ವಸ್ತುಗಳಲ್ಲ; ಸ್ಟೀಲಿಗೆ ಚೆನ್ನಾಗಿಯೇ ಒಗ್ಗುತ್ತವೆ. ಆದರೂ ಧೂಳು ಧೂಳೇ. ಮುಖಕ್ಕೆ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಕೆಲಸವಾದ ಮೇಲೆ ಯಂತ್ರದ ವಿದ್ಯುತ್ ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ, ಊದಬೇಡಿ.

ಸೂಜಿಯಷ್ಟು ಚೂಪಾದ ತುದಿ ಮುರಿದು ಬೆಸುಗೆಯೊಳಗೆ ಸೇರುತ್ತದೆ; ತುದಿಯನ್ನು ಒಂದಿಷ್ಟು ಮೊಂಡು ಮಾಡಿ. ಕರಗಿದ ಲೋಹಕ್ಕೆ ಮೊನೆ ತಾಗಿತೋ, ಕೆಲಸ ನಿಲ್ಲಿಸಿ, ಕೆಟ್ಟ ಭಾಗವನ್ನು ತೆಗೆದುಹಾಕಿ ಮತ್ತೆ ಮಸೆಯಿರಿ.