ಕೇಳುವ ಮೊದಲೇ ತೆರೆದಿಡುವ ಹೊಣೆ ಯಾರದು?



ಕಚೇರಿಗಳ ಪಾರದರ್ಶಕತೆಯ ಬಗ್ಗೆ ಮಾತನಾಡಬೇಕೆಂದು ಅಪ್ಪಣೆಯಾಗಿದೆ. ನಾನು ವಾಗ್ಮಿಯಲ್ಲ. ಕೆರೆ, ರಸ್ತೆ, ಸೇತುವೆಗಳ ನಡುವೆ ನೌಕರಿ ಮುಗಿಸಿದ ಇಂಜಿನಿಯರ್. ಕಂಡದ್ದನ್ನಷ್ಟೇ ಹೇಳುತ್ತೇನೆ.

2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಹೊಸತರಲ್ಲಿ ನಾನೊಂದು ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಆಗಿದ್ದೆ. ಜೊತೆಗೆ ಸಾರ್ವಜನಿಕ ಮಾಹಿತಿ ಅಧಿಕಾರಿ ಎಂಬ ಫಲಕವೂ ನನ್ನ ಮೇಜಿಗೆ ಬಂತು. ಒಬ್ಬ ರೈತರು ತಮ್ಮೂರ ರಸ್ತೆಯ ಅಳತೆ ಪುಸ್ತಕದ ನಕಲು ಕೇಳಿದರು. ಎಷ್ಟು ಉದ್ದ, ಎಷ್ಟು ದಪ್ಪ, ಎಷ್ಟು ಜಲ್ಲಿ ಎಂಬುದೆಲ್ಲ ಅದರಲ್ಲಿರುತ್ತದೆ, ಬಿಲ್ಲು ಹುಟ್ಟುವುದೇ ಅದರಿಂದ. ಕಾಮಗಾರಿಯ ಜಾತಕವೆನ್ನಿ. (ಈ ವೇದಿಕೆಯಲ್ಲಿ ಜಾತಕದ ಮಾತೆತ್ತಿದ್ದಕ್ಕೆ ಕ್ಷಮೆಯಿರಲಿ.)

ಪುಸ್ತಕ ವಿಭಾಗ ಕಚೇರಿಯಲ್ಲಿತ್ತು. ಎರಡು ಸಲ ಪತ್ರ ಬರೆದೆ, ಉತ್ತರವಿಲ್ಲ. ಸಾಹೇಬರನ್ನೇ ಕೇಳಿದೆ. ‘ಏನ್ ಅವಸರ ಐತ್ರಿ ನಿಮಗ?’ ಅಂದರು. ಕಾಯ್ದೆಯ ಗಡುವು 30 ದಿನ. ಕೊನೆಯ ದಿನ ‘ಈ ಕಚೇರಿಯಲ್ಲಿ ಲಭ್ಯವಿಲ್ಲ’ ಎಂದು ಬರೆದು ಸಹಿ ಹಾಕಿದೆ. ಅಕ್ಷರದಲ್ಲಿ ಸುಳ್ಳಲ್ಲ, ಆದರೆ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ರೈತರು ಮೇಲ್ಮನವಿ ಹಾಕಿದರು. ಅದನ್ನು ಕೇಳಬೇಕಾದವರೂ ಅದೇ ಸಾಹೇಬರು!

5ನೇ ಕಲಮಿನಲ್ಲಿ ಮದ್ದು ಇತ್ತು. ಮಾಹಿತಿ ಅಧಿಕಾರಿ ಯಾರ ನೆರವು ಕೇಳುತ್ತಾನೋ ಅವರೂ ಅವನಷ್ಟೇ ಹೊಣೆಗಾರರು. ಮೇಲಿನವರ ಮೇಲೆ ಅದನ್ನು ಬಳಸುವ ಎದೆಗಾರಿಕೆ ನನಗಿರಲಿಲ್ಲ.

ಇದನ್ನು ನನ್ನೊಬ್ಬನ ಪುಕ್ಕಲುತನವೆಂದು ಬಿಟ್ಟರೆ ರಚನೆಯಲ್ಲಿನ ದೋಷ ಕಾಣುವುದಿಲ್ಲ. ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ರೂಪಾಯಿ ದಂಡ ಬೀಳುವುದು ಮಾಹಿತಿ ಅಧಿಕಾರಿಗೆ. ಮೇಲ್ಮನವಿ ಪ್ರಾಧಿಕಾರಿ ಸುಮ್ಮನೆ ಕುಳಿತರೆ ಆ ದಂಡವಿಲ್ಲ. ಯಾರೂ ಕೇಳದೆಯೇ 17 ಬಗೆಯ ಮಾಹಿತಿ ಪ್ರಕಟಿಸಬೇಕೆಂದು 4ನೇ ಕಲಂ ಹೇಳುತ್ತದೆ. ಪ್ರಕಟಿಸದಿದ್ದರೂ ಆ ದಂಡವಿಲ್ಲ. ಬೀಗ ಮೇಲಿನವರ ಕೈಯಲ್ಲಿ, ಬೈಗುಳ ಕೆಳಗಿನವನಿಗೆ.

2013ರಲ್ಲಿ ಕೇಂದ್ರ ಸರ್ಕಾರ ಒಂದು ಮಾರ್ಗಸೂಚಿ ತಂದಿತು. ಸಚಿವಾಲಯಗಳಲ್ಲಿ ಈ ಸ್ವಯಂ ಪ್ರಕಟಣೆಯ ಹೊಣೆಯನ್ನು ಜಂಟಿ ಕಾರ್ಯದರ್ಶಿಗಿಂತ ಕೆಳಗಿಲ್ಲದ ಹಿರಿಯರಿಗೆ ವಹಿಸಬೇಕು, ಪ್ರತಿವರ್ಷ ಹೊರಗಿನವರಿಂದ ಪರಿಶೀಲನೆಯಾಗಬೇಕು. ನನಗೆ ಸರಿ ಕಂಡ ದಾರಿ ಇದೇ. ನಮ್ಮಂಥ ಇಲಾಖೆಗಳಲ್ಲಿ ಇದನ್ನು ವೃತ್ತದ ಮಟ್ಟಕ್ಕೆ ಇಳಿಸಬೇಕು, ಅಧೀಕ್ಷಕ ಇಂಜಿನಿಯರೇ ಹೊಣೆ ಹೊರಬೇಕು. ಬಿಲ್ಲು ಪಾಸಾದ ದಿನವೇ ಅಳತೆಯ ಪುಟ ಪ್ರಕಟವಾಗಲಿ. ಬಿಲ್ಲಿಗೆ ಸಹಿ ಹಾಕಿದವರು ಅದರ ಮೇಲ್ಮನವಿ ಕೇಳದಿರಲಿ. ತಿಂಗಳ ಪ್ರಗತಿ ಪರಿಶೀಲನೆಯಲ್ಲಿ ಭೌತಿಕ ಪ್ರಗತಿ ಎಷ್ಟು, ಆರ್ಥಿಕ ಪ್ರಗತಿ ಎಷ್ಟು ಎಂದು ಕೇಳುತ್ತಾರೆ. ಏನೇನು ಪ್ರಕಟಿಸಿದಿರಿ ಎಂಬ ಮೂರನೆಯ ಕಾಲಂ ನನ್ನ ಸೇವೆಯುದ್ದಕ್ಕೂ ನಾನು ಕಾಣಲಿಲ್ಲ. ಮೇಲಿನವರು ಏನನ್ನು ಕೇಳುತ್ತಾರೋ ಕೆಳಗೆ ಅದೇ ನಡೆಯುತ್ತದೆ.

ಆ ರೈತರಿಗೆ ನಕಲು ಸಿಕ್ಕಿತೇ ಎಂದು ಕೇಳುತ್ತೀರಿ. ಸಿಕ್ಕಿತು, ಹನ್ನೊಂದು ತಿಂಗಳ ನಂತರ. ಅಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಅವರು ಪುಸ್ತಕ ಹಿಡಿದು ಟೇಪು ಹಚ್ಚಲು ಹೋದರೆ, ಅಳೆಯಲು ಅಲ್ಲಿ ರಸ್ತೆಯೇ ಉಳಿದಿರಲಿಲ್ಲ.